ನಾಗೇಶನ ಮಡಿಲಲ್ಲಿ ಐದು ಮೊಬೈಲು

ಹೋದ ಭಾನುವಾರ ಕುಮಟಾದಲ್ಲಿ ಐದು ತಪ್ಪುಗಳಿಗಾಗಿ ನನ್ನನ್ನು ಹೊರಗೆ ಹಾಕಿದರು.

ಗಾಬರಿಯಾಗಬೇಡಿ. ಬ್ಯಾಂಕಿನ ಕೆಲಸ ಇನ್ನೂ ಇದೆ. ಮನೆಯಲ್ಲೂ ಸದ್ಯಕ್ಕೆ ಇಟ್ಟುಕೊಂಡಿದ್ದಾರೆ. ಹೊರಗೆ ಹಾಕಿದ್ದು ಬಾಸ್ಕೆಟ್‌ಬಾಲ್ ಕೋರ್ಟಿನಿಂದ.

ಈ ಆಟದಲ್ಲಿ ಒಬ್ಬನಿಗೆ ಐದು ಫೌಲ್ ಆದರೆ ಮುಗಿಯಿತು, ಆವತ್ತು ಮತ್ತೆ ಇಳಿಯುವ ಹಾಗಿಲ್ಲ. ನನ್ನ ಐದನೆಯ ಫೌಲು, ಹತ್ತೊಂಬತ್ತರ ಹುಡುಗನೊಬ್ಬನ ಜರ್ಸಿಯನ್ನು ಹಿಂದಿನಿಂದ ಹಿಡಿದು ಎಳೆದದ್ದು. ಓಡಿ ಹಿಡಿಯಲಾಗದವನು ಇನ್ನೇನು ಮಾಡಬೇಕು? ಆ ಹುಡುಗ ತಿರುಗಿ ನೋಡಿ, 'ಸುಸ್ತಾಯ್ತಾ ಅಂಕಲ್? ನೀರು ಬೇಕಾ?' ಎಂದು ಕೇಳಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಗತಿ ಇಷ್ಟು. ನಾವು ಓದಿದ ಕಾಲೇಜಿನಲ್ಲಿ ಕೋರ್ಟಿಗೆ ಹೊಸ ಸಿಮೆಂಟ್ ಹಾಕಿದ್ದಾರೆ. (ರಿಂಗು ಮಾತ್ರ ಹಳೆಯದೇ. ನಮ್ಮ ಕಡಲ ಗಾಳಿಗೆ ಯಾವ ಹೊಸ ಕಬ್ಬಿಣವೂ ಎರಡು ಮಳೆಗಾಲದಲ್ಲಿ ಹಳೆಯದಾಗುತ್ತದೆ.) ಅದರ ಉದ್ಘಾಟನೆಗೆ ಈಗಿನ ತಂಡಕ್ಕೂ ಹಳೆಯ ತಂಡಕ್ಕೂ ಒಂದು ಮ್ಯಾಚ್ ಇಟ್ಟರು. ಹಳೆಯ ತಂಡ ಎಂದರೆ ನಾವು. ಇಪ್ಪತ್ತೇಳು ವರ್ಷದ ಹಿಂದಿನ ಸರಕು. ನಾನು ಆಗಲೂ ಕ್ಯಾಪ್ಟನ್, ಈಗಲೂ ಕ್ಯಾಪ್ಟನ್. ನಡುವೆ ಯಾರೂ ನನ್ನನ್ನು ಇಳಿಸಿರಲಿಲ್ಲವಲ್ಲ, ಹಾಗಾಗಿ.

ನಮ್ಮಲ್ಲಿ ಎಲ್ಲರಿಗಿಂತ ಎತ್ತರದವನು ಭಟ್ಕಳದ ಇಮ್ತಿಯಾಜ್. ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಮೇಲಿನ ಶೆಲ್ಫಿನ ಥಾನು ತೆಗೆಯಲು ಏಣಿ ಬೇಡದ ಮಾಲೀಕ. ಗಜಾನನ ಕುಮಟಾದಲ್ಲೇ ಹಲ್ಲಿನ ಡಾಕ್ಟರು. ಉಳಿದಿಬ್ಬರಲ್ಲಿ ಒಬ್ಬ ಗೋವೆಯಿಂದ, ಇನ್ನೊಬ್ಬ ಹುಬ್ಬಳ್ಳಿಯಿಂದ ಬಂದಿದ್ದರು. ಹೊಟ್ಟೆ ಮಾತ್ರ ಇಬ್ಬರದ್ದೂ ಒಂದೇ ಅಳತೆ.

ನಮ್ಮದೊಂದು ವಾಟ್ಸಾಪ್ ಗ್ರೂಪಿದೆ. ಹೆಸರು 'ಐದೇ ಜನ'. ಆ ಹೆಸರಿಗೊಂದು ಚರಿತ್ರೆಯಿದೆ. ಡಿಗ್ರಿಯ ಕೊನೆಯ ವರ್ಷ ಧಾರವಾಡದಲ್ಲಿ ಅಂತರ ಕಾಲೇಜು ಫೈನಲ್ ಆಡಿದೆವು. ಪೂರ್ತಿ ನಲವತ್ತು ನಿಮಿಷ ಐದೇ ಜನ. ಒಬ್ಬರೂ ಬದಲಾಗಲಿಲ್ಲ. ಮೂರು ಪಾಯಿಂಟಿನಿಂದ ಸೋತೆವು ನಿಜ. ಆದರೆ ಸೋತದ್ದನ್ನು ಯಾರು ಹೇಳುತ್ತಾರೆ? 'ಐದೇ ಜನ ಆಡಿದ್ದೆವು' ಎಂದು ಹೆಂಡತಿಗೆ ಹೇಳಿದ್ದೇವೆ, ಮಕ್ಕಳಿಗೆ ಹೇಳಿದ್ದೇವೆ, ನಾನಂತೂ ಬ್ಯಾಂಕಿನ ಪ್ರಮೋಷನ್ ಇಂಟರ್‌ವ್ಯೂನಲ್ಲೂ ಹೇಳಿದ್ದೇನೆ.

ಆ ಗ್ರೂಪಿನಲ್ಲಿ ಆರು ಜನ ಇದ್ದೇವೆ. ಅದು ವಿಚಿತ್ರ ಅಂತ ಹೋದ ಭಾನುವಾರದವರೆಗೆ ನಮಗ್ಯಾರಿಗೂ ಅನಿಸಿರಲಿಲ್ಲ.

ಆರನೆಯವನು ಕಾಗಾಲದ ನಾಗೇಶ. ಮೂರು ವರ್ಷ ನಮ್ಮ ತಂಡದಲ್ಲಿದ್ದ. ಪ್ರಾಕ್ಟೀಸಿಗೆ ಎಲ್ಲರಿಗಿಂತ ಮೊದಲು ಬಂದು ಕೋರ್ಟು ಗುಡಿಸುತ್ತಿದ್ದವನು, ಬಸ್ಸಿನ ಟಾಪಿಗೆ ಚೆಂಡಿನ ಚೀಲ ಏರಿಸುತ್ತಿದ್ದವನು. ಮ್ಯಾಚಿನ ದಿನ ಬೆಂಚಿನ ಮೇಲೆ ಕೂರುತ್ತಿದ್ದ. ಕೂರುತ್ತಿದ್ದ, ಅಷ್ಟೇ. ಮೂರು ವರ್ಷದಲ್ಲಿ ಒಂದೇ ಒಂದು ಮ್ಯಾಚಿನಲ್ಲೂ ಅವನನ್ನು ಇಳಿಸಲಿಲ್ಲ. ಇಳಿಸಬೇಕಾಗಿದ್ದವನು ನಾನು. (ಕೋಚ್ ಎಂಬ ಪದವಿ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಪಿ.ಟಿ. ಮೇಷ್ಟ್ರು ಬಸ್ಸಿನ ಟಿಕೆಟ್ ತೆಗೆಸಿ ಕಳಿಸುತ್ತಿದ್ದರು.)

ಈಗ ನಾಗೇಶ ಕಾಗಾಲದಲ್ಲಿ ಭತ್ತದ ಗದ್ದೆ, ತರಕಾರಿ ಎಂದು ಬೇಸಾಯ ಮಾಡಿಕೊಂಡಿದ್ದಾನೆ. ಪಂಪ್ ಇದ್ದರೂ ಹರಿವೆ ಸಸಿಗೆ ಕೊಡದಲ್ಲೇ ನೀರು ಹೊಯ್ಯಬೇಕು ಎಂಬುದು ಅವನ ಹಟ. ಎರಡು ಕೈಯಲ್ಲಿ ಎರಡು ಕೊಡ, ದಿನಾ ಬೆಳಿಗ್ಗೆ, ಸಂಜೆ. ಆ ಭುಜ ನೋಡಬೇಕು ನೀವು. ಹೊಟ್ಟೆ ಎಂಬ ಅಂಗವೇ ಇಲ್ಲ. ನಾವು ಐವರೂ ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ಅವನು ಕೋರ್ಟಿನ ಸುತ್ತ ಎರಡು ಸುತ್ತು ಓಡಿ ಬಂದು ಬಾಯಿ ಮುಚ್ಚಿಕೊಂಡೇ ಉಸಿರಾಡುತ್ತಿದ್ದ.

ಓಡಿ ಬಂದವನು ನನ್ನನ್ನು ಪಕ್ಕಕ್ಕೆ ಕರೆದ. ಸ್ಕೋರರ್ ಟೇಬಲ್ಲಿನ ಕಡೆ ಕಣ್ಣಲ್ಲೇ ತೋರಿಸಿದ. ಅಲ್ಲಿ ಸ್ಕೋರ್‌ಶೀಟ್ ಬರೆಯಲು ಕುಳಿತಿದ್ದವಳು ಅವನ ಮಗಳು ಅಶ್ವಿನಿ. ಅದೇ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ, ಹುಡುಗಿಯರ ತಂಡದಲ್ಲಿ ಆಡುತ್ತಾಳೆ.

'ಎರಡು ನಿಮಿಷ ಆದ್ರೂ ಇಳಿಸು ಮಾರಾಯಾ' ಎಂದ. 'ಧಾರವಾಡದಲ್ಲಿ ಆಡಿದ್ದೆ ಅಂತ ಹುಡ್ಗಿ ಹತ್ರ ಹೇಳ್ಬಿಟ್ಟಿದ್ದೆ. ಶೀಟ್ ಬರೆಯೂಕೆ ಇವಳೇ ಕೂರ್ತಾಳೆ ಅಂತ ಯಾರಿಗೆ ಗೊತ್ತಿತ್ತು?'

ಸ್ಕೋರ್‌ಶೀಟಿನ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಂಡದ ಎಲ್ಲರ ಹೆಸರೂ ಅದರಲ್ಲಿ ಇರುತ್ತದೆ. ಆದರೆ ಆಡಲು ಇಳಿದವರ ಹೆಸರಿನ ಮುಂದಿನ ಚೌಕದಲ್ಲಿ ಮಾತ್ರ ಒಂದು ಚಿಕ್ಕ ಕತ್ತರಿ ಗುರುತು ಹಾಕುತ್ತಾರೆ. ಇಳಿಯದವರ ಮನೆ ಖಾಲಿ. ಅಪ್ಪನ ಹೆಸರಿನ ಮುಂದಿನ ಖಾಲಿ ಮನೆಯನ್ನು ಮಗಳೇ ಎದುರಿಗಿಟ್ಟುಕೊಂಡು ಕೂರಬೇಕಿತ್ತು.

'ಆತು ಮಾರಾಯಾ, ಅದನ್ನೆಂತ ಕೇಳೂದು?' ಎಂದು ಅವನ ಬೆನ್ನು ತಟ್ಟಿದೆ. ಕ್ಯಾಪ್ಟನ್ ತಟ್ಟುವ ಹಾಗೆ ತಟ್ಟಿದೆ.

ಆಮೇಲೆ ಮೈಕಿನಲ್ಲಿ ನನ್ನ ಭಾಷಣ. ಕಾಲೇಜು ಬಿಟ್ಟ ಮೇಲೆ ಬದುಕಿನಲ್ಲಿ ಕೈ ಹಿಡಿದದ್ದು ಇದೇ ಕೋರ್ಟಿನ ಪಾಠ, ಚೆಂಡನ್ನು ಒಬ್ಬನೇ ಇಟ್ಟುಕೊಳ್ಳಬಾರದು, ಹಂಚಿಕೊಂಡವನೇ ಗೆಲ್ಲುತ್ತಾನೆ, ಇತ್ಯಾದಿ. ಹುಡುಗರು ಚಪ್ಪಾಳೆ ತಟ್ಟಿದರು. ನನಗೂ ಗಂಟಲು ತುಂಬಿ ಬಂತು. ನನ್ನ ಮಾತು ಕೇಳಿ ನನಗೇ ಗಂಟಲು ತುಂಬಿ ಬರುವುದು ಹಳೆಯ ಕಾಯಿಲೆ.

ಟೇಬಲ್ಲಿನಿಂದ ಅಶ್ವಿನಿ, ಮೊದಲ ಐದು ಜನ ಯಾರು ಸರ್ ಎಂದು ಕೇಳಿದಳು. ನಾನು ತಲೆ ಎತ್ತದೆ ಐದು ಹೆಸರು ಹೇಳಿದೆ. ಇಪ್ಪತ್ತೇಳು ವರ್ಷದ ಹಿಂದೆ ಯಾವ ಕ್ರಮದಲ್ಲಿ ಹೇಳುತ್ತಿದ್ದೆನೋ ಅದೇ ಕ್ರಮ. ಬಾಯಿಗೆ ಬಂದದ್ದೇ ಹಾಗೆ. ಕಾಲು ಮರೆತಿದೆ, ಕೈ ಮರೆತಿದೆ, ಬಾಯಿ ಮಾತ್ರ ಏನೂ ಮರೆತಿಲ್ಲ ನೋಡಿ.

ನಾಗೇಶ ಬೆಂಚಿನ ಕಡೆ ನಡೆದ. ಆಗ ನಾವು ಐವರೂ ಒಂದು ಕೆಲಸ ಮಾಡಿದೆವು. ಯಾರೂ ಯಾರಿಗೂ ಹೇಳದೆ, ಒಬ್ಬರ ಹಿಂದೊಬ್ಬರು ಹೋಗಿ ನಮ್ಮ ಮೊಬೈಲು, ಬೈಕು ಕಾರುಗಳ ಚಾವಿ, ಕನ್ನಡಕ ಎಲ್ಲ ಅವನ ಮಡಿಲಿಗೆ ಹಾಕಿದೆವು. 'ಸ್ವಲ್ಪ ಹಿಡ್ಕ ನಾಗೇಶ.' ಗಜಾನನ ಬಿ.ಪಿ. ಮಾತ್ರೆಯನ್ನೂ ಕೊಟ್ಟ, ಹಾಫ್ ಟೈಮಿಗೆ ನೆನಪು ಮಾಡು ಎಂದು.

ಹಿರಿಯರು ಎಂಬ ಕರುಣೆಯಿಂದ ಒಂದೊಂದು ಕ್ವಾರ್ಟರಿಗೆ ಹತ್ತರ ಬದಲು ಆರೇ ನಿಮಿಷ ಇಟ್ಟಿದ್ದರು. ಮೊದಲ ಕ್ವಾರ್ಟರ್ ಮುಗಿದಾಗ ಹುಡುಗರು ಹದಿನಾಲ್ಕು, ನಾವು ಎರಡು. ಇಮ್ತಿಯಾಜ್ ಕಂಬ ಹಿಡಿದು ನಿಂತಿದ್ದ. ಗೋವೆಯವನು ಎಲ್ಲಿದ್ದಾನೆ ಎಂದು ನೋಡಿದರೆ ನಲ್ಲಿಯ ಕೆಳಗೆ ತಲೆ ಇಟ್ಟಿದ್ದ. ಅಂಥ ಸ್ಥಿತಿಯಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದಿತ್ತು. ಕೂತುಕೋ ಎಂದರೆ ಕೈ ಮುಗಿಯುತ್ತಿದ್ದರು.

ನಾನು ಹೇಳಲಿಲ್ಲ. ನಾಗೇಶನಿಗೆ, ಮುಂದಿನ ಕ್ವಾರ್ಟರ್ ನೋಡುವಾ ಎಂದೆ.

ಯಾಕೆ? ಅವತ್ತಿನಿಂದ ಯೋಚಿಸುತ್ತಿದ್ದೇನೆ. ದ್ವೇಷವೇ? ಖಂಡಿತ ಅಲ್ಲ. ಅವನ ತೋಟದ ಬಸಳೆ ತಿಂದವನು ನಾನು. ಇದು ಬೇರೆ ರೋಗ. ಮದುವೆ ಮನೆಯಲ್ಲಿ ಬಡಿಸಲು ಓಡಾಡುವವರು ಯಾವಾಗಲೂ ಅವರೇ, ಮೊದಲ ಪಂಕ್ತಿಯಲ್ಲಿ ಕೂರುವವರು ಯಾವಾಗಲೂ ಇವರೇ. ನಮ್ಮ ಬ್ಯಾಂಕಿನಲ್ಲಿ ಒಬ್ಬ ಅಟೆಂಡರ್ ಇದ್ದಾನೆ, ಕಂಪ್ಯೂಟರ್ ಕೈಕೊಟ್ಟಾಗ ಸರಿಮಾಡುವುದು ಅವನೇ. ಟ್ರೇನಿಂಗಿಗೆ ಕಳಿಸುವಾಗ ಮಾತ್ರ ನಾನು ಬೇರೆಯವರ ಹೆಸರು ಬರೆಯುತ್ತೇನೆ. ಒಬ್ಬ ಮನುಷ್ಯನನ್ನು ಒಮ್ಮೆ ಎಲ್ಲಿ ಕೂರಿಸಿದೆವೋ ಅಲ್ಲೇ ಇರುತ್ತಾನೆ ಎಂದು ನಂಬಿಬಿಡುತ್ತೇವೆ. ಎದ್ದು ನಿಂತರೂ ಕಾಣುವುದಿಲ್ಲ.

ಹಾಫ್ ಟೈಮಿನಲ್ಲಿ ನಾಗೇಶ ಎಲ್ಲರಿಗೂ ನೀರು ಕೊಟ್ಟ. ಗಜಾನನನಿಗೆ ಮಾತ್ರೆ ಕೊಟ್ಟ. ನನ್ನ ಮೊಬೈಲಿಗೆ ಹೆಂಡತಿಯ ಮೂರು ಮಿಸ್ಡ್ ಕಾಲ್ ಇವೆ ಎಂದ. ಆ ಎರಡು ನಿಮಿಷದ ಮಾತನ್ನು ಮತ್ತೆ ಎತ್ತಲಿಲ್ಲ. ಅಶ್ವಿನಿ ಆಗಾಗ ತಲೆ ಎತ್ತಿ ಬೆಂಚನ್ನು ನೋಡುತ್ತಿದ್ದಳು. ಅದು ನನಗೂ ಕಾಣುತ್ತಿತ್ತು. ಮೂರನೆಯ ಕ್ವಾರ್ಟರಿನಲ್ಲಾದರೂ ಇಳಿಸಬೇಕಿತ್ತು. ಅಷ್ಟರಲ್ಲಿ ನಾನು ಎಸೆದ ಚೆಂಡೊಂದು ರಿಂಗಿನೊಳಗೆ ಬಿತ್ತು. ಕೈಯಲ್ಲಿ ಹಳೆಯ ಜೀವ ಬಂದಿದೆ ಎನಿಸಿತು. ಇನ್ನೊಂದು ಹಾಕಿಯೇ ಹೊರಗೆ ಹೋಗೋಣ ಎಂದು ಉಳಿದೆ. ಆ ಇನ್ನೊಂದು ಬೀಳಲೇ ಇಲ್ಲ.

ಕೊನೆಗೆ ಎರಡು ನಿಮಿಷ ಇದ್ದಾಗ ಆ ಜರ್ಸಿ ಎಳೆದೆ. ಸೀಟಿ ಕೂಗಿತು. ಐದನೆಯ ಫೌಲ್.

ಅಂದರೆ ನಾಗೇಶ ಆಡಿದ್ದು ನನ್ನ ದೊಡ್ಡ ಮನಸ್ಸಿನಿಂದಲ್ಲ. ರೂಲ್ಸಿನಿಂದ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಗ್ರೂಪಿನಲ್ಲಿ ಬೇರೆ ಥರ ಬರೆದಿದ್ದೇನೆ.

ಅವನು ಎದ್ದ. ಮಡಿಲಲ್ಲಿದ್ದ ಐದು ಮೊಬೈಲು, ಐದು ಚಾವಿ, ಮೂರು ಕನ್ನಡಕವನ್ನು ಜೋಪಾನವಾಗಿ ನನಗೆ ಒಪ್ಪಿಸಿದ. ನಾನು ಅವನ ಜಾಗದಲ್ಲಿ ಕೂತೆ. ಟೇಬಲ್ಲಿನಲ್ಲಿ ಅಶ್ವಿನಿ ಬಗ್ಗಿ ಏನೋ ಬರೆದಳು. ಎಂತ ಬರೆದಳೆಂದು ಕೇಳಬೇಕಾಗಿರಲಿಲ್ಲ.

ಬೆಂಚಿನಿಂದ ಆಟ ಹೇಗೆ ಕಾಣುತ್ತದೆ ಎಂದು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಎಲ್ಲವೂ ಕಾಣುತ್ತದೆ. ನಾಗೇಶ ಖಾಲಿ ಜಾಗ ಹುಡುಕಿ ಓಡುತ್ತಿದ್ದ, ಕೈ ಚಾಚುತ್ತಿದ್ದ, ಯಾರೂ ಚೆಂಡು ಕೊಡುತ್ತಿರಲಿಲ್ಲ. ಮತ್ತೆ ಓಡುತ್ತಿದ್ದ, ಮತ್ತೆ ಚಾಚುತ್ತಿದ್ದ. ಇಮ್ತಿಯಾಜ್ ಅವನನ್ನು ದಾಟಿಸಿ ಹಿಂದೆ ಸುಸ್ತಾಗಿ ನಿಂತಿದ್ದ ಹುಬ್ಬಳ್ಳಿಯವನಿಗೆ ಎಸೆದ. ಹುಬ್ಬಳ್ಳಿಯವನಿಗೆ ಹಿಡಿಯಲಾಗಲಿಲ್ಲ. ಗಜಾನನನೂ ಹಾಗೆಯೇ ಮಾಡಿದ. 'ನಾಗೇಶಂಗೆ ಕೊಡ್ರೋ' ಎಂದು ನಾನು ಕೂಗಿದೆ. ಬೆಂಚಿನ ಮೇಲಿದ್ದವನ ಕೂಗು ಯಾರಿಗೆ ಕೇಳುತ್ತದೆ? ನನ್ನ ಮಡಿಲಲ್ಲಿ ಯಾರದೋ ಮೊಬೈಲು ಬೇರೆ ಹೊಡೆದುಕೊಳ್ಳುತ್ತಿತ್ತು.

ಕಡೆಯ ಗಳಿಗೆಯಲ್ಲಿ ರಿಂಗಿಗೆ ಬಡಿದು ಬಂದ ಚೆಂಡು ತಾನಾಗಿ ನಾಗೇಶನ ಕೈಗೆ ಸಿಕ್ಕಿತು. ಎದುರಿಗೆ ಯಾರೂ ಇರಲಿಲ್ಲ. ಹಾಕಬಹುದಿತ್ತು. ಅವನು ರಿಂಗಿನ ಬುಡದಲ್ಲಿ ನಿಂತಿದ್ದ ಇಮ್ತಿಯಾಜನನ್ನು ನೋಡಿ, ನೇರ ಎದೆ ಮಟ್ಟಕ್ಕೆ, ಪುಸ್ತಕದಲ್ಲಿ ಚಿತ್ರ ಹಾಕುವಂಥ ಒಂದು ಪಾಸ್ ಕೊಟ್ಟ. ಇಮ್ತಿಯಾಜ್ ಎಸೆದದ್ದು ಬೋರ್ಡಿಗೂ ತಾಗದೆ ಆಚೆ ಹೋಯಿತು. ಸೀಟಿ. ಐವತ್ತೊಂದು, ಎಂಟು.

ಎಲ್ಲರೂ ಸೆಲ್ಫಿಗೆ ನಿಂತರು. ನಾನು ನಾಗೇಶನನ್ನು ಪಕ್ಕಕ್ಕೆ ಕರೆದು, ತಪ್ಪಾಯಿತು ಎಂದೆ. ಇವತ್ತಿಂದೂ, ಆವತ್ತಿಂದೂ ಎಂದೆ. ಈ ಸಲ ಮೈಕ್ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ.

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

'ಆವಾಗ ನಂಗೆ ಆಟ ಬರೂದಿಲ್ಲ, ಅದ್ಕೇ ಕೂರ್ಸಿದ್ದಾರೆ ಅಂತ ತಿಳ್ಕಂಡಿದ್ದೆ' ಎಂದ. 'ಇಷ್ಟು ವರ್ಷ ಹಾಂಗೇ ತಿಳ್ಕಂಡಿದ್ದೆ. ಇವತ್ತು ನಿಮ್ಮ ಆಟ ನೋಡ್ತಾ ಕೂತವಂಗೆ ಸಂಶಯ ಬಂತು ನೋಡು.'

ನಗುತ್ತಾನೇನೋ ಎಂದು ಕಾದೆ. ನಗಲಿಲ್ಲ. ತಾನೂ ಫೋಟೋಕ್ಕೆ ನಿಲ್ಲಬೇಕು ಎಂದು ಹೇಳಿ ಹೋದ.

ಅಷ್ಟರಲ್ಲಿ ಅಶ್ವಿನಿ ಸ್ಕೋರ್‌ಶೀಟು ಹಿಡಿದು ಬಂದಳು. ಅಪ್ಪನ ಹೆಸರಿನ ಮುಂದೆ ಗುರುತು ಇತ್ತು. ಬೇರೆ ಎಲ್ಲರ ಗುರುತಿಗಿಂತ ಅದನ್ನು ಸ್ವಲ್ಪ ಒತ್ತಿ ಬರೆದಿದ್ದಳು. ಅದರ ಪಕ್ಕದ ಮನೆಗಳಲ್ಲಿ ಏನೂ ಇಲ್ಲ, ಒಂದು ಫೌಲ್ ಕೂಡ ಇಲ್ಲ.

'ಅಪ್ಪಂಗೆ ಒಬ್ರೂ ಪಾಸೇ ಕೊಡ್ಲಿಲ್ಲ ಅಲ್ವಾ ಸರ್. ಧಾರವಾಡದಲ್ಲೂ ಹೀಂಗೇ ಆಗಿತ್ತಾ?'

ಅಲ್ಲಿ ಇಷ್ಟೂ ಆಗಿರಲಿಲ್ಲ ಮಗಾ ಎಂದು ಹೇಳಬೇಕಿತ್ತು. ಹಾಗೆ ಹೇಳಿದರೆ ಅವಳ ಅಪ್ಪ ಸುಳ್ಳನಾಗುತ್ತಿದ್ದ. ಹೇಳದಿದ್ದರೆ ನಾನು. ಹೌದು, ತಪ್ಪು ನಮ್ಮದೇ ಇತ್ತು ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು. ಆಮೇಲೆ ಪೆನ್ನು ಮುಂದೆ ಹಿಡಿದು, ಹಾಳೆಯ ಕೆಳಗಿನ ಒಂದು ಗೆರೆ ತೋರಿಸಿದಳು.

'ಮ್ಯಾಚ್ ಬಗ್ಗೆ ತಕರಾರು ಇದ್ರೆ ಕ್ಯಾಪ್ಟನ್ ಇಲ್ಲಿ ಸೈನ್ ಮಾಡ್ಬೇಕು ಸರ್. ಇಲ್ದಿದ್ರೆ ಖಾಲಿ ಬಿಡಿ.'

ಖಾಲಿ ಬಿಟ್ಟೆ. ತಕರಾರು ಇದ್ದವನು ಕ್ಯಾಪ್ಟನ್ ಆಗಿರಲಿಲ್ಲವಲ್ಲ?