ಅಕ್ಕಿ ಡ್ರಮ್ಮಿಗೆ ಬಿದ್ದ ಮರದ ಹೊಟ್ಟು

ಏಪ್ರಿಲ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಕೊಪ್ಪದ ನಮ್ಮ ಮನೆಯ ಹಿಂದಿನ ಶೆಡ್. ಹಾಜರಿದ್ದವರು ನಾನು, ಶೆಟ್ಟಿಕೊಪ್ಪದಿಂದ ಜೀಪಿನಲ್ಲಿ ಪೈಪು ಹೇರಿಕೊಂಡು ಬಂದ ನನ್ನ ಮೈದುನ, ಮತ್ತು ಶೆಡ್ಡಿನ ಹೊಸ್ತಿಲಿನಾಚೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ನನ್ನ ಯಜಮಾನರು. ಹೊಸ್ತಿಲಿನಾಚೆ ಎಂದು ಬರೆದದ್ದಕ್ಕೆ ಕಾರಣವಿದೆ. ಅವರನ್ನು ಆ ಹೊಸ್ತಿಲು ದಾಟಿಸಿ ಒಳಗೆ ತರುವುದೇ ಅಂದಿನ ಕೆಲಸವಾಗಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು ನಾನು. ಎಷ್ಟು ಗಂಟೆ, ಯಾರ್ಯಾರಿದ್ದಾರೆ ಎಂದು ಬರೆದುಕೊಳ್ಳದೆ ಇಂದಿಗೂ ನನ್ನ ಕೈಗೆ ಕೆಲಸ ಹತ್ತುವುದಿಲ್ಲ. ನಿವೃತ್ತಿಯಾದ ಮೇಲೆ ಮರಗೆಲಸ ಹಿಡಿದೆ. ಮಣೆ, ಸ್ಟೂಲು, ಚನ್ನೆಮಣೆ, ಹೀಗೆ ಸಣ್ಣಪುಟ್ಟದ್ದು. ಯಜಮಾನರಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದು. ಆದರೆ ಶೆಡ್ಡಿನ ಮೂಲೆಯಲ್ಲಿ ಕೂತು ಪೇಪರ್ ಗಟ್ಟಿಯಾಗಿ ಓದುವುದು, ನಾನು ಕೊಯ್ದದ್ದು ಸೊಟ್ಟ ಎಂದು ತಗಾದೆ ತೆಗೆಯುವುದು, ಮತ್ತೆ ಕಾಫಿ ಕೇಳುವುದು, ಇಷ್ಟನ್ನು ತಪ್ಪದೆ ಮಾಡುತ್ತಿದ್ದರು. ನನಗೆ ನೈಟ್ ಡ್ಯೂಟಿ, ಅವರಿಗೆ ಪೋಸ್ಟ್ ಆಫೀಸು ಎಂದೇ ಕಳೆದುಹೋದ ಸಂಸಾರ ನಮ್ಮದು. ಇಬ್ಬರೂ ಒಂದೇ ಕೋಣೆಯಲ್ಲಿ ಇಡೀ ಬೆಳಗು ಕೂರಲು ಕಲಿತದ್ದು ಆ ಶೆಡ್ಡಿನಲ್ಲಿ.

ಹಾಗಿರುವಾಗ ನಾನು ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಕರೆಂಟಿನ ಗರಗಸ, ತಂದೆ. ಕೈಗರಗಸದ ಹೊಟ್ಟು ಕಾಲ ಬುಡದಲ್ಲಿ ಬೀಳುತ್ತಿತ್ತು. ಇದರ ಪುಡಿ ಗಾಳಿಯಲ್ಲೇ ನಿಲ್ಲುತ್ತಿತ್ತು. ಯಜಮಾನರಿಗೆ ಮೊದಲಿಂದಲೂ ಉಬ್ಬಸ. ಎರಡು ಸಲ ಇನ್‌ಹೇಲರ್ ಎಳೆದರೂ ಸರಿಹೋಗದ ದಿನ ನಾನೇ ಅವರನ್ನು ಶೆಡ್ಡಿನಿಂದ ಹೊರಗೆ ಹಾಕಿದೆ. ಮಾಸ್ಕ್ ಕೊಟ್ಟು ನೋಡಿದ್ದೆ. "ಇದು ಹಾಕ್ಕಂಡ್ರೆ ಮಾತಾಡೋದು ಹೆಂಗೆ ಮಾರಾಯ್ತಿ?" ಎಂದು ಅದನ್ನು ಗಲ್ಲಕ್ಕೆ ಇಳಿಸಿಕೊಂಡೇ ಕೂರುತ್ತಿದ್ದರು. ಅಂಗಳದಿಂದ ಅವರು ಓದುವ ಪೇಪರ್ ಯಂತ್ರದ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ಕೇಳದಿದ್ದರೆ ಆ ಯಂತ್ರದಿಂದ ನನಗೇನು ಸುಖ? ಮೆಣಸೆ ಊರಿನ ಬಡಗಿಯೊಬ್ಬರು ಅದನ್ನು ಕೊಳ್ಳಲು ಕಾಯುತ್ತಿದ್ದರು. ಅವರಿಗೆ ಮಾತು ಕೊಟ್ಟಿದ್ದೆ: ಭಾನುವಾರ ಒಂದು ದಿನ ನೋಡುತ್ತೇನೆ, ಹೊಟ್ಟು ಹಿಡಿತಕ್ಕೆ ಬರದಿದ್ದರೆ ಸಂಜೆ ಫೋನ್ ಮಾಡುತ್ತೇನೆ, ನೀವು ಪಿಕಪ್ ತನ್ನಿ.

ಯೋಜನೆ ಸರಳವಾಗಿತ್ತು. ಗೋಡೆಯ ಹೊರಗೆ ಒಂದು ದೊಡ್ಡ ವ್ಯಾಕ್ಯೂಮ್ ಕ್ಲೀನರ್. ಒಳಗೆ ಬಾಯಿ ಮುಚ್ಚಿದ ಡ್ರಮ್ಮು, ಅದರ ತಲೆಯ ಮೇಲೆ ಕೊರಿಯರಿನಲ್ಲಿ ತರಿಸಿದ ಪ್ಲಾಸ್ಟಿಕ್ ಆಲಿಕೆ. ಗಾಳಿ ಆಲಿಕೆಯೊಳಗೆ ಸುಳಿಯಂತೆ ತಿರುಗುವಾಗ ಹೊಟ್ಟು ಡ್ರಮ್ಮಿಗೆ ಉದುರಬೇಕು, ಬರೀ ಗಾಳಿ ವ್ಯಾಕ್ಯೂಮಿಗೆ ಹೋಗಬೇಕು. ಅಲ್ಲಿಂದ ಗರಗಸದವರೆಗೆ ಪೈಪು. ಪರೀಕ್ಷೆಯನ್ನೂ ನಾನೇ ಗೊತ್ತುಮಾಡಿದ್ದೆ. ಯಜಮಾನರ ಹಳೆಯ ಮೂಲೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ನೀರು. ಹಲಗೆ ಕೊಯ್ದ ಮೇಲೆ ನೀರಿನ ಮೇಲೆ ಪುಡಿ ತೇಲಿದರೆ ಫೇಲು.

ಪೈಪಿನ ಕೆಲಸ ಮೈದುನನದು. ನರಸಿಂಹರಾಜಪುರದ ಅಂಗಡಿಯಿಂದ ಒಂದು ಗೋಣಿಚೀಲದ ತುಂಬ ಪೈಪು ಜೋಡಿಸುವ ಬೆಂಡು, ರೆಡ್ಯೂಸರು ತಂದಿದ್ದ.

"ಅತ್ತಿಗೆ, ನೀವು ಬದೀಗೆ ನಿಂತ್ಕಳಿ. ತೋಟಕ್ಕೆ ಪೈಪ್ ಎಳ್ದೆಳ್ದು ನಂಗೆ ನಿದ್ದೇಲೂ ಕೈ ಓಡ್ತದೆ."

ಓಡಿತು ಕೂಡ. ಹತ್ತು ಗಂಟೆಯೊಳಗೆ ಗೋಡೆಯುದ್ದಕ್ಕೂ ಪೈಪು ಕ್ಲಾಂಪು ಹಾಕಿಸಿಕೊಂಡು ನೆಟ್ಟಗೆ ನಿಂತಿತ್ತು. ಡ್ರಮ್ಮನ್ನೂ ಅವನೇ ತಂದಿದ್ದ, ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿ ಬೆರೆಸುವ ನೀಲಿ ಪ್ಲಾಸ್ಟಿಕ್ಕಿನದು. ಸ್ವಿಚ್ ಒತ್ತಿ ಹಲಸಿನ ಹಲಗೆಯನ್ನು ಗರಗಸಕ್ಕೆ ಕೊಟ್ಟೆ. ಹಳದಿ ಹೊಟ್ಟು ಆಲಿಕೆಯೊಳಗೆ ಗರಗರ ತಿರುಗತೊಡಗಿತು. ಮೈದುನ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಯಂತ್ರದ ಸದ್ದು ಸಣ್ಣಗಾಗಿ ಕುಂಯ್ ಎಂದು ಏರಿತು. ಮರುಕ್ಷಣ ಧಡಾಲ್!

ನೀಲಿ ಡ್ರಮ್ಮು ಹೊಟ್ಟೆ ಒಳಗೆಳೆದುಕೊಂಡು ಚಪ್ಪಟೆಯಾಗಿತ್ತು. ಯಾರೋ ಒದ್ದಂತೆ ಆಲಿಕೆ ಒಂದು ಕಡೆ ವಾಲಿತ್ತು. ಹೆದರಿದ ಮೈದುನ ಹಿಂದಕ್ಕೆ ಜಿಗಿದು ನೀರಿನ ತಟ್ಟೆಯ ಮೇಲೇ ಕೂತಿದ್ದ.

"ಎಂತ ಆಯ್ತಾ?" ಅಂಗಳದಿಂದ ಯಜಮಾನರು ಕೂಗಿದರು.

"ಡ್ರಮ್ಮು ಉಸಿರು ಕಟ್ತು ಅಣ್ಣಾ!"

"ನಿನ್ ಪಂಚೆಗೆ ಎಂತಾಯ್ತು?"

ನಾನು ಗರಗಸದ ಮೇಜು ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಮೈದುನನ ಪ್ರಕಾರ ತಪ್ಪೆಲ್ಲ ಡ್ರಮ್ಮಿನದು, ಗಟ್ಟಿ ತಗಡಿನದಿದ್ದರೆ ಜಪ್ಪಯ್ಯ ಅನ್ನುತ್ತಿರಲಿಲ್ಲವಂತೆ. ಮನೆಯಲ್ಲಿ ಗಟ್ಟಿ ತಗಡಿನ ಡ್ರಮ್ಮು ಇದ್ದದ್ದು ಒಂದೇ, ಅಡುಗೆಮನೆಯ ಅಕ್ಕಿಯದು. ನನಗೆ ಅದೆಂಥ ಹುಮ್ಮಸ್ಸು ಬಂದಿತ್ತೋ, ಒಳಗೆ ಹೋಗಿ ಮಂಚದ ಮೇಲೆ ಬಿಳಿ ಬೆಡ್‌ಶೀಟು ಹರಡಿ, ಅಷ್ಟೂ ಅಕ್ಕಿ ಸುರಿದೇಬಿಟ್ಟೆ. ಡ್ರಮ್ಮನ್ನು ಉರುಳಿಸಿಕೊಂಡು ಅಂಗಳ ದಾಟುವಾಗ ಯಜಮಾನರು ಕನ್ನಡಕ ತೆಗೆದು ನೋಡಿದರು.

"ಅಕ್ಕಿ ಎಲ್ಲಿ?"

"ಮಲಗಿದೆ."

ಮುಚ್ಚಳಕ್ಕೆ ತೂತು ಕೊರೆಯುವಾಗ ಮಾತ್ರ ಒಂದು ಗಳಿಗೆ ಕೈ ತಡೆಯಿತು. ಕೊರೆದ ಮೇಲೆ ಅದು ಮತ್ತೆ ಅಕ್ಕಿಗೆ ಆಗುವುದಿಲ್ಲ. ಕೊರೆದೆ. ಆಲಿಕೆ ಕೂರಿಸಿದೆವು, ತಟ್ಟೆಗೆ ಹೊಸ ನೀರು ಹಾಕಿದೆವು, ಸ್ವಿಚ್ ಒತ್ತಿದೆವು.

ಡ್ರಮ್ಮು ಅಲ್ಲಾಡಲಿಲ್ಲ. ಆದರೆ ಎರಡನೇ ಹಲಗೆಗೇ ಹೊಟ್ಟು ಮೇಜಿನ ಮೇಲೆ ಉಕ್ಕತೊಡಗಿತು, ಮತ್ತೆ ಅದೇ ಕುಂಯ್. ತಟ್ಟೆಯ ನೀರು ಹಳದಿಯಾಯಿತು. ಮಧ್ಯಾಹ್ನವಾಗಿತ್ತು. ಊಟದ ಅಕ್ಕಿಯನ್ನು ಮಂಚದಿಂದಲೇ ಅಳೆದು ತಂದು ಅನ್ನ ಮಾಡಿದೆ. ಬಡಿಸುವಾಗ ನನಗೆ ಮೆಣಸೆಯ ಪಿಕಪ್ಪಿನ ಹಾರ್ನ್ ಕಿವಿಯಲ್ಲಿ ಕೇಳಿದಂತಾಗುತ್ತಿತ್ತು.

ಯಜಮಾನರು ಮಜ್ಜಿಗೆ ಅನ್ನ ಕಲೆಸುತ್ತ ಕೇಳಿದರು: "ಆ ಮಿಷನ್ನು ಕೂಗ್ತಿತ್ತಲ್ಲ, ಅದು ನಿಂಗೆ ಗುರ್ತು ಸಿಗ್ಲಿಲ್ವಾ?"

"ಯಾವುದು?"

"ನನ್ ಎದೆ ಮಾರಾಯ್ತಿ! ದಮ್ಮು ಕಟ್ಟಿದಾಗ ಹಿಂಗೇ ಅಲ್ವಾ ಕೂಗೋದು? ಅಷ್ಟು ವರ್ಷ ಆಸ್ಪತ್ರೇಲಿ ಎಂತ ಮಾಡ್ದೆ ನೀನು?"

ನಾನು ಸೌಟು ಕೆಳಗಿಟ್ಟೆ. ಉಬ್ಬಸ ಎಂದರೆ ಉಸಿರಿನ ಕೊಳವೆ ಸಣ್ಣಗಾಗುವುದು ಎಂದು ಎಷ್ಟು ಜನರಿಗೆ ಹೇಳಿಲ್ಲ ನಾನು? ಮೈದುನನ ಕಡೆ ತಿರುಗಿದೆ.

"ಪೈಪು ಉದ್ದಕ್ಕೂ ಒಂದೇ ಅಳತೆಯದಾ?"

"ಅದೆಂಗಾಗ್ತದೆ ಅತ್ತಿಗೆ? ಬುಡದಲ್ಲಿ ಎರಡೂವರೆ ಇಂಚು, ನಡೂಗೆ ಎರಡು, ಕೊನೇಗೆ ಒಂದೂವರೆ. ಕೊನೇಲಿ ಸಣ್ಣ ಮಾಡದಿದ್ರೆ ಫೋರ್ಸ್ ಎಲ್ಲಿಂದ ಬರ್ತದೆ?"

"ಫೋರ್ಸ್ ಬರೋಕೆ ಅದೇನು ಸ್ಪ್ರಿಂಕ್ಲರಾ? ನೀರನ್ನ ನೀನು ದೂಡ್ತೀಯ. ಇದು ಎಳ್ಕಳೋದು!"

ಅವನು ತುತ್ತು ಬಾಯಲ್ಲಿಟ್ಟುಕೊಂಡೇ ಯೋಚಿಸಿದ. ತೋಟದಲ್ಲಿ ನೀರು ಚಿಮ್ಮಿಸಲು ಮಾಡುವುದನ್ನೇ ಅಷ್ಟೂ ಶ್ರದ್ಧೆಯಿಂದ ಇಲ್ಲಿ ಮಾಡಿದ್ದ. ಮೂಲೆಗೊಂದು ಚೂಪು ತಿರುವಿನ ಎಲ್ಬೋ ಬೇರೆ. ಮರದ ಸಿಪ್ಪೆ ಬಂದು ಅಲ್ಲೇ ಕಟ್ಟಿಕೊಳ್ಳದೆ ಇನ್ನೇನು?

"ಥೋ!" ಎಂದ. "ಸೊಲ್ಯೂಷನ್ ಹಾಕಿ ಅಂಟ್ಸಿಬಿಟ್ಟಿದೀನಲ್ಲ!"

"ಅಂಟಿದ್ದನ್ನ ಕೊಯ್ಯಕ್ಕೆ ಗರಗಸ ಇಲ್ದಿರೋ ಮನೆಯಾ ಇದು?" ಎಂದರು ಯಜಮಾನರು.

ಊಟದ ಎಲೆ ಎತ್ತಿದ್ದೇ ತಡ, ಕೊಯ್ದೆವು. ಜೀಪಿನಲ್ಲಿ ಎರಡೂವರೆ ಇಂಚಿನ ಪೈಪು ಇನ್ನೂ ಉಳಿದಿತ್ತು. ಚೂಪು ಎಲ್ಬೋ ಇದ್ದ ಕಡೆಯಲ್ಲೆಲ್ಲ ಅರ್ಧ ಬಾಗಿನ ಎರಡೆರಡು ಬೆಂಡು ಸೇರಿಸಿ, ತಿರುವನ್ನು ದೊಡ್ಡದು ಮಾಡಿದೆವು. ಪೈಪಿನೊಳಗೆ ಕಟ್ಟಿದ್ದ ಸಿಪ್ಪೆಯನ್ನು ಮೈದುನ ಕಡ್ಡಿಯಿಂದ ಕುಟ್ಟಿ ಉದುರಿಸುವಾಗ ನಾನು "ಕೆಮ್ಮು, ಕೆಮ್ಮು, ಕಫ ಬರಲಿ" ಎನ್ನುತ್ತಿದ್ದೆ. ಅವನು ನಗು ತಡೆಯಲಾರದೆ ಪೈಪನ್ನು ಕಾಲ ಮೇಲೆ ಕೆಡವಿಕೊಂಡು, ಒಂಟಿ ಕಾಲಲ್ಲಿ ಶೆಡ್ಡು ಪೂರ್ತಿ ಕುಣಿದ. ನಮ್ಮಿಬ್ಬರ ವಯಸ್ಸು ಕೂಡಿಸಿದರೆ ನೂರು ದಾಟುತ್ತದೆ. ನೋಡಿದವರು ಏನೆಂದುಕೊಳ್ಳುತ್ತಿದ್ದರೋ.

ಐದು ಗಂಟೆಗೆ ಮೂರನೇ ಸಲ ಸ್ವಿಚ್ ಒತ್ತಿದೆ. ಈ ಸಲ ಸದ್ದು ಬೇರೆ, ಎದೆ ತುಂಬಿ ಉಸಿರಾಡಿದಂತೆ ದಪ್ಪ, ಸಮ. ಒಂದು ಹಲಗೆ ಕೊಯ್ದೆ, ಇನ್ನೊಂದು ಕೊಯ್ದೆ, ನಂಬಿಕೆ ಬರಲಿಲ್ಲ, ಇದ್ದ ಹಲಸನ್ನೆಲ್ಲ ಕೊಯ್ದು ಹಾಕಿದೆ. ಹೊಟ್ಟು ಅಕ್ಕಿ ಡ್ರಮ್ಮಿಗೆ ಸುರಿಯುವ ಸದ್ದು, ಮೊರದಿಂದ ಅಕ್ಕಿ ಸುರಿದಂತೆಯೇ, ಹಿತವಾಗಿತ್ತು. ಯಂತ್ರ ನಿಲ್ಲಿಸಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಕಾದೆವು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಒಯ್ದೆ.

ಯಜಮಾನರು ಬಗ್ಗಿ ನೋಡಿದರು. ನೀರು ತಿಳಿಯಾಗಿತ್ತು. ನಡುವೆ ಒಂದು ಇರುವೆ ಈಜುತ್ತಿತ್ತು.

"ಇರುವೆಗೆ ಉಬ್ಬಸ ಇದ್ದಂಗಿಲ್ಲ" ಎಂದರು. ಕುರ್ಚಿ ಎತ್ತಿಕೊಂಡು, ನನ್ನನ್ನೂ ತಟ್ಟೆಯನ್ನೂ ದಾಟಿ ಒಳಗೆ ಹೋಗಿ, ತಮ್ಮ ಮೂಲೆಯಲ್ಲಿ ಕೂತು ಪೇಪರ್ ಬಿಡಿಸಿದರು. ನಾನು ಕೊಯ್ದ ಹಲಗೆಯೊಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು.

"ಸೊಟ್ಟ ಇದೆ."

ಮೈದುನ ಹೋ ಎಂದು ಕೂಗಿದ. ನಾನು ಕೂಗಲಿಲ್ಲ. ಆಸ್ಪತ್ರೆಯ ಅಭ್ಯಾಸದಿಂದ ಅವರ ಬೆನ್ನ ಹಿಂದೆ ನಿಂತು, ಅವರಿಗೆ ತಿಳಿಯದ ಹಾಗೆ ಉಸಿರು ಕೇಳಿಸಿಕೊಂಡೆ. ಕುಂಯ್ ಇಲ್ಲ. ನಾಲ್ಕು ಸುದ್ದಿ ಓದುವವರೆಗೂ ಇಲ್ಲ. ನಾಳೆ, ನಾಡಿದ್ದೂ ಹೀಗೇ ಕೇಳಿ ನೋಡಬೇಕು ಎಂದುಕೊಂಡೆ.

ಮೆಣಸೆಗೆ ಫೋನ್ ಮಾಡಿ, ಯಂತ್ರ ಕೊಡುವುದಿಲ್ಲ ಎಂದೆ.

"ನಂಗೆ ಬೆಳಿಗ್ಗೇನೇ ಗೊತ್ತಿತ್ತು ಸಿಸ್ಟರ್" ಎಂದರು ಬಡಗಿ, "ಪಿಕಪ್ಪಿಗೆ ಡೀಸೆಲ್ಲೇ ಹಾಕ್ಸಿಲ್ಲ."

ಮೈದುನ ಚಪ್ಪಟೆ ಡ್ರಮ್ಮನ್ನು ಜೀಪಿಗೆ ಎಸೆದುಕೊಂಡು ಹೊರಟ. ಗರಗಸದ ಪ್ಲಗ್ ಕಿತ್ತೆ, ಮೇಜು ಒರೆಸಿದೆ, ಇರುವೆಯನ್ನು ತುಳಸಿಕಟ್ಟೆಯ ಬಳಿ ಬಿಟ್ಟು ತಟ್ಟೆ ತೊಳೆದೆ. ಮಂಚದ ಮೇಲಿನ ಅಕ್ಕಿಯನ್ನು ಮನೆಯಲ್ಲಿದ್ದ ಬಕೆಟ್ಟು, ಪಾತ್ರೆ, ಕೊನೆಗೆ ಪ್ರೆಶರ್ ಕುಕ್ಕರಿಗೂ ತುಂಬಿ, ಬೆಡ್‌ಶೀಟು ಕೊಡವಿ, ಹಾಸಿಗೆ ಹಾಸಿದೆ.