ಹೂಡಿಯಲ್ಲಿ ಮುಗಿದ ರೊಮಾನೊವ್ ವಂಶ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜಾಲಹಳ್ಳಿಯ ಮನೆಯಿಂದ ಹೊರಟೆ. ಹೋಗಬೇಕಾದದ್ದು ನಗರದ ಇನ್ನೊಂದು ತುದಿಯ ಹೂಡಿಗೆ. ಮೆಟ್ರೊದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. ಚೀಲದಲ್ಲಿ ನೀರಿನ ಬಾಟಲಿ, ರಕ್ತದೊತ್ತಡದ ಮಾತ್ರೆ ಮತ್ತು ನಾನೇ ಬರೆದ ಹದಿನಾಲ್ಕು ಪುಟ ಇದ್ದವು. ಮುನ್ನೂರು ವರ್ಷ ರಷ್ಯವನ್ನು ಆಳಿದ ರೊಮಾನೊವ್ ವಂಶ ಹೇಗೆ ಬಿದ್ದಿತು ಎಂಬುದು ಆ ಪುಟಗಳ ವಿಷಯ.

ನಾನು ಇತಿಹಾಸದ ಮೇಷ್ಟರಲ್ಲ. ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದವಳು. ರಷ್ಯದಿಂದ ಬಂದ ಯಂತ್ರಗಳ ಕೈಪಿಡಿ ಓದಲೆಂದು ಸಂಜೆ ತರಗತಿಯಲ್ಲಿ ಆ ಭಾಷೆ ಕಲಿತೆ. ಯಂತ್ರಗಳು ಗುಜರಿಗೆ ಹೋದವು, ಭಾಷೆ ನನ್ನಲ್ಲೇ ಉಳಿಯಿತು. ನಿವೃತ್ತಿಯಾದ ಮೇಲೆ ಅದರಲ್ಲಿ ಇತಿಹಾಸ ಓದುವ ಚಟ ಹತ್ತಿತು. ಕಳೆದ ವರ್ಷ ಹೂಡಿಯ ಅಪಾರ್ಟ್‌ಮೆಂಟೊಂದರ ಓದುಗರ ಕೂಟ ಎರಡು ಭಾನುವಾರ ಉಪನ್ಯಾಸ ಕೊಡಿ ಎಂದು ಕರೆದಿತ್ತು. ಮೊದಲ ಭಾನುವಾರ ವಂಶದ ಏಳಿಗೆ ಹೇಳಿ ಬಂದೆ. ಎರಡನೆಯ ಭಾನುವಾರ ಬರುವ ಮೊದಲೇ ನನಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಬೇಗ ಸರಿಹೋದವು. ಮಾತು ಮಾತ್ರ ಹೋಯಿತು.

ಎಂಟು ತಿಂಗಳ ಅಭ್ಯಾಸದ ನಂತರ ಮಾತು ಬಂದಿದೆ. ನಿಧಾನವಾಗಿ, ತುಸು ತೊದಲುತ್ತಾ. ಆದರೆ ಅಷ್ಟರಲ್ಲಿ ಸುತ್ತಲಿನವರಿಗೆಲ್ಲ ನನ್ನ ಪರವಾಗಿ ಮಾತಾಡುವುದು ರೂಢಿಯಾಗಿಬಿಟ್ಟಿತ್ತು. ತರಕಾರಿಯವನಿಗೆ ತಂಗಿ ಲೀಲಾ ಹೇಳುತ್ತಾಳೆ, ಡಾಕ್ಟರಿಗೂ ಅವಳೇ ಹೇಳುತ್ತಾಳೆ. ಹೊರಡುವಾಗಲೂ ಬಾಗಿಲಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ ಕಣೇ ಅಕ್ಕ. ದಾರೀಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ?"

"ಉತ್ತರ ಹೇಳ್ತೀನಿ," ಎಂದೆ. ಆ ಎರಡು ಪದಕ್ಕೆ ನನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡೆ. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ "ಹೂಡಿ" ಎಂದದ್ದು "ಊಯಿ" ಎಂದು ಕೇಳಿಸಿತು. ಒಳಗಿದ್ದ ಹುಡುಗಿ "ಎಲ್ಲಿಗೆ ಮೇಡಂ?" ಎಂದಳು. ಹಿಂದೆ ನಿಂತವನು "ಆಂಟಿ, ಬೇಗ ಹೇಳಿ, ಇಲ್ಲಾಂದ್ರೆ ಪಕ್ಕಕ್ಕೆ ಬನ್ನಿ" ಎಂದ. ಪಕ್ಕಕ್ಕೆ ಹೋಗಲಿಲ್ಲ. ಉಸಿರೆಳೆದುಕೊಂಡು ಮತ್ತೊಮ್ಮೆ ಹೇಳಿದೆ. ಈ ಸಲ ಸರಿಯಾಗಿ ಬಂತು. ತೊಂಬತ್ತು ರೂಪಾಯಿಯ ಟಿಕೆಟ್ ಹಿಡಿದು ಮೆಟ್ಟಿಲು ಹತ್ತಿದೆ.

ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಸಣ್ಣ ದನಿಯಲ್ಲಿ ಹಳೆಯ ಪಾಠ ಒಪ್ಪಿಸಿಕೊಂಡೆ. ಮೊದಲ ರೊಮಾನೊವ್ ದೊರೆ ಮಿಖಾಯಿಲ್‌ಗೆ ಆಗ ಹದಿನಾರು ವರ್ಷ. ದೇಶದ ಪ್ರತಿನಿಧಿಗಳೆಲ್ಲ ಸೇರಿ ಅವನನ್ನು ಆರಿಸಿ, ಕಿರೀಟ ಒಪ್ಪಿಕೋ ಎಂದು ಕೇಳಲು ಅವನು ತಾಯಿಯೊಂದಿಗೆ ತಂಗಿದ್ದ ಮಠಕ್ಕೆ ಬಂದಾಗ ಅವನ ತಾಯಿ ಮಗನನ್ನು ಕಳಿಸುವುದಿಲ್ಲವೆಂದು ಅತ್ತಳಂತೆ. ಮುಂದೆ ಅದೇ ವಂಶದ ಪೀಟರ್ ಜೌಗುನೆಲದ ಮೇಲೆ ರಾಜಧಾನಿ ಕಟ್ಟಿದ. ಜರ್ಮನಿಯಿಂದ ಸೊಸೆಯಾಗಿ ಬಂದ ಕ್ಯಾಥರೀನ್ ಗಂಡನನ್ನು ಇಳಿಸಿ ತಾನೇ ಸಿಂಹಾಸನ ಏರಿ ಸಾಮ್ರಾಜ್ಯವನ್ನು ದಕ್ಷಿಣದ ಸಮುದ್ರದವರೆಗೆ ಹಿಗ್ಗಿಸಿದಳು. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸುವಾಗ ನೂಕುನುಗ್ಗಲು ಎಷ್ಟಿತ್ತೆಂದರೆ ಕ್ಯಾಥರೀನಳನ್ನು ಅರ್ಧಕ್ಕೇ ಬಿಡಬೇಕಾಯಿತು.

ಹೂಡಿಯಲ್ಲಿ ಇಳಿದಾಗ ಮಾರ್ಚ್ ತಿಂಗಳ ಬಿಸಿಲು ಸುಡುತ್ತಿತ್ತು. ಕೂಟ ನಡೆಸುವ ಶಶಿಕಲಾ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದರು. ದಾವಣಗೆರೆಯವರು, ಐಟಿ ಕಂಪನಿಯೊಂದರಲ್ಲಿ ಕೆಲಸ. ಮನೆಗೆ ಕರೆದೊಯ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟರು. ನನ್ನ ಮಾತು ಕೇಳಿ ಅವರ ಮುಖ ಸಣ್ಣಗಾದದ್ದನ್ನು ನೋಡಿದೆ.

"ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಆರಾಮಾಗಿ ಕುಂತಿರ್ರಿ, ಪೇಪರ್ ನಾನ್ ಓದ್ತೀನಿ."

"ಬರ್ದವಳು ನಾನು," ಎಂದೆ. "ಓದೋದೂ ನಾನೇ."

ಕ್ಲಬ್‌ಹೌಸಿನ ಕೋಣೆಯಲ್ಲಿ ಇಪ್ಪತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಬಿಳಿ ಪಂಚೆಯ ಮುನಿಯಪ್ಪನವರು. ಅಪಾರ್ಟ್‌ಮೆಂಟ್ ನಿಂತಿರುವ ಜಾಗ ಒಂದು ಕಾಲದಲ್ಲಿ ಅವರ ರಾಗಿ ಹೊಲ. ಈಗ ಅವರಿಗೆ ಇಲ್ಲೇ ಎರಡು ಮನೆ ಇವೆ. ಹಿಂದಿನ ಸಲವೂ ಅಲ್ಲೇ ಕೂತು ಕೇಳಿದ್ದರು.

ನಿಂತೇ ಓದಿದೆ. ಜೀತದಿಂದ ರೈತರನ್ನು ಬಿಡಿಸಿದ ದೊರೆಯೇ ಬಾಂಬಿಗೆ ಬಲಿಯಾದದ್ದು, ಅವನ ಮೊಮ್ಮಗ ನಿಕೊಲಸ್‌ನ ಕಾಲದಲ್ಲಿ ಅರ್ಜಿ ಹಿಡಿದು ಅರಮನೆಗೆ ಬಂದ ಕೆಲಸಗಾರರ ಮೇಲೆ ಸೈನಿಕರು ಗುಂಡು ಹಾರಿಸಿದ್ದು, ಮೊದಲ ಮಹಾಯುದ್ಧದ ಚಳಿಗಾಲದಲ್ಲಿ ಬ್ರೆಡ್ಡಿಗಾಗಿ ಸಾಲು ನಿಂತ ಹೆಂಗಸರು ಬೀದಿಗಿಳಿದದ್ದು, ದೊರೆ ರೈಲು ಡಬ್ಬಿಯಲ್ಲೇ ಸಿಂಹಾಸನ ಬಿಟ್ಟುಕೊಟ್ಟದ್ದು. "ಯೆಕಟೆರಿನ್‌ಬರ್ಗ್" ಎಂಬ ಊರಿನ ಹೆಸರಿಗೆ ಬಂದಾಗ ನಾಲಿಗೆ ಎರಡು ಸಲ ಎಡವಿತು. ಶಶಿಕಲಾ ಎದ್ದು ನಿಂತರು. ಕೈ ತೋರಿಸಿ ಕೂರಿಸಿದೆ. ಮೂರನೆಯ ಸಲ ಹೇಳಿ ಮುಂದೆ ಹೋದೆ. ಆ ಊರಿನ ಮನೆಯೊಂದರ ನೆಲಮಾಳಿಗೆಯಲ್ಲಿ ದೊರೆ, ರಾಣಿ, ನಾಲ್ವರು ಹೆಣ್ಣುಮಕ್ಕಳು, ಕಾಯಿಲೆಯ ಮಗ, ಎಲ್ಲರನ್ನೂ ಕೊಂದರು. ಅಲ್ಲಿಗೆ ನನ್ನ ಹದಿನಾಲ್ಕು ಪುಟ ಮುಗಿದವು. ಅರ್ಧ ಗಂಟೆಯ ಬರಹಕ್ಕೆ ಒಂದು ಗಂಟೆ ಹಿಡಿದಿತ್ತು.

ಚಪ್ಪಾಳೆಯಾದ ಮೇಲೆ ಮುನಿಯಪ್ಪನವರು ಕೈ ಎತ್ತಿದರು.

"ಅಮ್ಮಾ, ಮುನ್ನೂರ್ ವರ್ಸ ಆಳ್ದೋರು. ಕೊನೇಲಿ ಅವ್ರ್ ಜೊತೆ ಒಬ್ರೂ ನಿಂತ್ಕೊಳ್ನಿಲ್ವಾ?"

ಬರೆದದ್ದನ್ನು ಎರಡು ತಿಂಗಳು ಗಟ್ಟಿಯಾಗಿ ಓದಿ ಓದಿ ಅಭ್ಯಾಸ ಮಾಡಿದ್ದೆ. ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರವಿರಲಿಲ್ಲ. "ಮೇಡಂಗೆ ಸುಸ್ತಾಗೈತ್ರಿ, ಮತ್ತೊಮ್ಮೆ ಕೇಳೋಣ," ಎಂದು ಶಶಿಕಲಾ ಶುರುಮಾಡಿದರು.

"ಇಲ್ಲ. ಹೇಳ್ತೀನಿ," ಎಂದೆ. ಪುಟಗಳನ್ನು ಕುರ್ಚಿಯ ಮೇಲಿಟ್ಟೆ.

ಪದಗಳು ಒಂದೊಂದಾಗಿ ಬಂದವು. "ಸೇನಾಪತಿಗಳು ನಿಲ್ಲಲಿಲ್ಲ. ಅವರೇ ತಂತಿ ಕಳಿಸಿ ಇಳೀರಿ ಅಂದ್ರು. ದೊರೆ ತಮ್ಮನಿಗೆ ಪಟ್ಟ ಕೊಟ್ಟ. ತಮ್ಮ ಮಾರನೇ ದಿನವೇ ಬೇಡ ಅಂದ. ಇಂಗ್ಲೆಂಡಿನ ರಾಜ ಸೋದರ ಸಂಬಂಧಿ. ಆಶ್ರಯ ಕೊಡ್ತೀನಿ ಅಂತ ಕರೆದ ಹಾಗೆ ಮಾಡಿ ಕೈಬಿಟ್ಟ." ಬೆರಳು ಮಡಚಿ ಎಣಿಸುತ್ತಾ ಮುಂದೆ ಹೇಳಿದೆ. "ನಾಲ್ಕು ಜನ ನಿಂತ್ರು. ಒಬ್ಬ ಡಾಕ್ಟರು. ಒಬ್ಬ ಅಡುಗೆಯವನು. ಒಬ್ಬ ಆಳು. ರಾಣಿಯ ಕೆಲಸದವಳು ಒಬ್ಬಳು. ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಅದೇ ನೆಲಮಾಳಿಗೆಯಲ್ಲಿ ಅವರೂ ಸತ್ತರು."

"ಅಡ್ಗೆಯೋನೂನಾ?"

"ಅವನೂ."

ಮುನಿಯಪ್ಪನವರು ತಲೆಯಾಡಿಸುತ್ತಾ ಕೂತುಬಿಟ್ಟರು. ಬೇರೆ ಪ್ರಶ್ನೆಗಳು ಬಂದವು. ಎಲ್ಲಕ್ಕೂ ನಾನೇ ಉತ್ತರ ಕೊಟ್ಟೆ. ಊಟವಾದ ಮೇಲೆ ನಿಲ್ದಾಣದವರೆಗೆ ಮುನಿಯಪ್ಪನವರು ನನ್ನ ಜೊತೆ ನಡೆದು ಬಂದರು, ನನ್ನ ನಿಧಾನಕ್ಕೆ ತಮ್ಮ ಹೆಜ್ಜೆ ಹೊಂದಿಸಿಕೊಂಡು. ಮೆಟ್ಟಿಲ ಬಳಿ ನಿಂತು ಬೈದೇಬಿಟ್ಟರು.

"ಅಲ್ಲ ಕಣಮ್ಮಾ, ರಾಜ ರಾಣೀದೆಲ್ಲ ಬರ್ಕಂಡ್ ಬಂದಿದೀಯ. ಆ ನಾಕ್ ಜನಾನ ನಾನ್ ಕೇಳಾಗಂಟ ಯಾಕ್ ಏಳ್ನಿಲ್ಲ?"

"ತಪ್ಪಾಯ್ತು," ಎಂದೆ. ನಿಜಕ್ಕೂ ತಪ್ಪಾಗಿತ್ತು. ಓದಿ ತಿಳಿದಿದ್ದೆ, ಬರೆಯುವಾಗ ಅವರು ವಂಶದವರಲ್ಲವೆಂದು ಬಿಟ್ಟಿದ್ದೆ.

ಮೇಲಿನ ಪ್ಲಾಟ್‌ಫಾರ್ಮಿನಿಂದ ನೋಡಿದಾಗ ಗಾಜಿನ ಕಟ್ಟಡಗಳ ನಡುವಿನ ರಸ್ತೆಯಲ್ಲಿ ಅವರ ಬಿಳಿ ಪಂಚೆ ಇನ್ನೂ ಕಾಣುತ್ತಿತ್ತು. ರೈಲಿನಲ್ಲಿ ಸೀಟು ಸಿಕ್ಕಿತು. ಲೀಲಾಳ ಫೋನ್ ಬಂತು. ಚೆನ್ನಾಗಾಯ್ತು, ಆಮೇಲೆ ಮಾತಾಡ್ತೀನಿ ಎಂದು ಇಟ್ಟೆ. ಕೊನೆಯ ಪುಟವನ್ನು ಚೀಲದ ಮೇಲೆ ಹರಡಿ ಪೆನ್ನು ತೆಗೆದೆ. ರೈಲು ಕುಲುಕಿ ಅಕ್ಷರ ಸೊಟ್ಟಗಾದವು, ನಾನು ನಿಲ್ಲಿಸಲಿಲ್ಲ. ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ನಾಲ್ಕೂ ಜನ ಪುಟದ ಮೇಲಿದ್ದರು. ಅಡುಗೆಯವನನ್ನು ಮೊದಲು ಬರೆದೆ.