ಹುಣಸೆಮರದ ಕೆಳಗೆ ಟೆಂಟು

ಕೊಕ್ಕರೆ ಬೆಳ್ಳೂರು, ಸಂಜೆ ನಾಲ್ಕೂವರೆ.

ಮೊದಲ ಸಲ ಟೆಂಟು ಹಾಕುವವರು ನೆಲ ನೋಡಿದರೆ ಸಾಲದು, ತಲೆ ಎತ್ತಿ ಮರವನ್ನೂ ನೋಡಬೇಕು. ನಾವು ನೋಡಿದ್ದೆವು, ನೋಡಿ ಹಿಗ್ಗಿದ್ದೆವು. ಹುಣಸೆಮರದ ತುಂಬ ಕೊಕ್ಕರೆ ಗೂಡುಗಳು. ಮಲಗಿಕೊಂಡೇ ಮರಿಗಳನ್ನು ನೋಡಬಹುದು ಎಂದಳು ನನ್ನ ಹೆಂಡತಿ. ಕೆಳಗಿನ ಮಣ್ಣೂ ಎಷ್ಟು ಮೆತ್ತಗಿತ್ತೆಂದರೆ ಗೂಟಗಳು ಅಂಗೈಯಲ್ಲಿ ಒತ್ತಿದರೇ ಇಳಿದವು. ಹತ್ತೇ ನಿಮಿಷದಲ್ಲಿ ನಮ್ಮ ಹೊಸ ನೀಲಿ ಟೆಂಟು ಅರ್ಧ ಬೆಳ್ಳಗಾಯಿತು.

ಎದುರುಮನೆಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತರು. ನಮ್ಮ ಪಾಡು ಕಂಡು ಮರುಗುತ್ತಿದ್ದಾರೆಂದು, "ಪರವಾಗಿಲ್ಲ ಅಜ್ಜಿ, ತೊಳ್ಕೋತೀವಿ" ಎಂದೆ.

"ನಿನ್ ಬಟ್ಟೆ ಕತೆ ಅಂಗಿರ್ಲಿ ಬುಡಪ್ಪ. ಇದು ನಮ್ಮ ಗೊಬ್ಬರದ ಗುಂಡಿ ಕಣಪ್ಪ! ಕೆರೆ ಮಣ್ಣು ತಂದು ತುಂಬ್ಸಿವ್ನಿ. ಕೊಕ್ಕರೆ ಆಕೋದೆಲ್ಲ ಅದ್ರ ಮ್ಯಾಲೆ ಬಿದ್ರೆ ತಾನೆ ಗೊಬ್ಬರ ಆಗೋದು? ಎಲ್ಲಾನೂ ನೀವೇ ಇಡ್ಕೊಂಡ್ರೆ ನಮ್ ರಾಗಿಗೇನು ಆಕನ?"

ನಾಚಿಕೆಯಿಂದ ಗೂಟ ಕಿತ್ತೆವು. ಅಜ್ಜಿಯ ಸಿಟ್ಟು ಅಷ್ಟಕ್ಕೇ ಇಳಿಯಿತು. ಮನೆ ಹಿಂದಿನ ಕಣದಲ್ಲಿ ಜಾಗ ತೋರಿಸಿದರು. ಅಲ್ಲಿ ನೆಲ ಗಟ್ಟಿ ಎಂದು ಗೂಟ ಬಡಿಯಲು ಒಂದು ಗುಂಡುಕಲ್ಲನ್ನೂ ಕೊಟ್ಟರು. ಸಾರಿಗೆ ಹುರುಳಿಕಾಳು ನೆನೆಹಾಕಿದ್ದೇನೆ, ಮುದ್ದೆ ಉಂಡು ಮಲಗಿ ಎಂದರು.

ನಾವಿಬ್ಬರೂ ಟೆಂಟು ಮಡಚಿ ಹೊರಟೆವು. ಹಿಂದಿನಿಂದ ಅಜ್ಜಿ ಕೂಗಿದರು. ನೋಡಿದರೆ ಗುಂಡಿಯ ಪಕ್ಕ ಒಂದು ಬಿಂದಿಗೆ ನೀರು, ಒಂದು ಪೊರಕೆ ತಂದಿಟ್ಟು ನಿಂತಿದ್ದಾರೆ.

"ಅಂಗೇ ಒತ್ಕೊಂಡು ಓಯ್ತಾ ಇದ್ದೀಯಲ್ಲಪ್ಪ, ಅದ್ರ ಮ್ಯಾಲಿರೋದು ನಮ್ದು. ಇಲ್ಲೇ ತೊಳ್ದ್ಬುಟ್ಟು ಓಗು."